ಹೊಸ ಕಾರ್ಟ್ರಿಡ್ಜ್ ಕಿವಿಗೆ ಚುಚ್ಚುತ್ತಿದೆಯೇ? ಪಳಗಲಿ ಎಂದು ಕಾಯುವ ಮುನ್ನ ಟೋನ್‌ಆರ್ಮ್ ಸರಿಮಾಡಿ

“ಹೊಸ ಕಾರ್ಟ್ರಿಡ್ಜ್ ಹಾಕಿದ್ದೇನೆ, ಧ್ವನಿ ಚುಚ್ಚುತ್ತಿದೆ. ಎಷ್ಟು ಗಂಟೆ ನುಡಿಸಿದರೆ ಪಳಗುತ್ತದೆ?” ಟರ್ನ್‌ಟೇಬಲ್ ಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕಾರ್ಟ್ರಿಡ್ಜ್ ಎಂದರೆ ಸೂಜಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಪುಟ್ಟ ಡಬ್ಬಿ; ಅದನ್ನು ಹೊತ್ತ ಉದ್ದ ತೋಳೇ ಟೋನ್‌ಆರ್ಮ್. ಚಿಕ್ಕ ಉತ್ತರ: 20ರಿಂದ 30 ಗಂಟೆ. ಆದರೆ ಅಷ್ಟು ಗಂಟೆಗಳಲ್ಲಿ ತಾನಾಗಿ ಸರಿಹೋಗುವುದು ಬಹಳ ಕಡಿಮೆ. ಮೊದಲ ದಿನವೇ ‘ಸ’, ‘ಶ’ ಅಕ್ಷರಗಳು ಉಗುಳಿದಂತೆ ಕೇಳುತ್ತಿದ್ದರೆ ಹತ್ತರಲ್ಲಿ ಎಂಟು ಸಲ ತಪ್ಪಿರುವುದು ಜೋಡಣೆಯಲ್ಲಿ. ಅದನ್ನು ಬ್ರೇಕ್-ಇನ್ (ಪಳಗುವಿಕೆ) ತಲೆಗೆ ಕಟ್ಟಿ ತಿಂಗಳುಗಟ್ಟಲೆ ಕಾದರೆ, ಪಳಗುವ ಬದಲು ನಿಮ್ಮ ರೆಕಾರ್ಡುಗಳೇ ಸವೆಯುತ್ತವೆ.

ಪಳಗುವುದು ಯಾವುದು?

ಕಾರ್ಟ್ರಿಡ್ಜಿನ ಕೆಳಗೆ ಚಾಚಿಕೊಂಡಿರುವ, ಗುಂಡುಸೂಜಿಯಷ್ಟು ತೆಳುವಾದ ಕಡ್ಡಿಗೆ ಕ್ಯಾಂಟಿಲಿವರ್ ಎನ್ನುತ್ತಾರೆ. ಅದರ ಒಂದು ತುದಿಯಲ್ಲಿ ವಜ್ರದ ಮೊನೆ, ಅಂದರೆ ಸ್ಟೈಲಸ್. ಇನ್ನೊಂದು ತುದಿಯಲ್ಲಿ ಪುಟ್ಟ ಅಯಸ್ಕಾಂತ ಇದ್ದರೆ ಅದು ಮೂವಿಂಗ್ ಮ್ಯಾಗ್ನೆಟ್ ಜಾತಿ. ತಂತಿಸುರುಳಿ ಇದ್ದರೆ ಮೂವಿಂಗ್ ಕಾಯಿಲ್ ಜಾತಿ. ಈ ಕಡ್ಡಿಯನ್ನು ಹಿಡಿದು ನಿಲ್ಲಿಸಿರುವುದು ಸಣ್ಣ ರಬ್ಬರ್ ಬಳೆ. ಇದಕ್ಕೆ ಸಸ್ಪೆನ್ಷನ್ ಎಂದು ಹೆಸರು. ಪಳಗುವುದು ಈ ರಬ್ಬರ್ ಮಾತ್ರ. ಹೊಸದರಲ್ಲಿ ಸ್ವಲ್ಪ ಬಿಗಿಯಾಗಿದ್ದು, ಆಡಿ ಆಡಿ ಸಡಿಲವಾಗುತ್ತದೆ. ಆಗ ಬಾಸ್ ತುಸು ತುಂಬಿಕೊಳ್ಳುತ್ತದೆ, ಜೋರಾದ ಭಾಗಗಳಲ್ಲಿ ಸೂಜಿ ರೆಕಾರ್ಡಿನ ಸುರುಳಿ ಗೀರನ್ನು, ಅಂದರೆ ಗ್ರೂವನ್ನು, ಇನ್ನೂ ಚೆನ್ನಾಗಿ ಹಿಡಿಯುತ್ತದೆ.

ವಜ್ರ ಪಳಗುವುದಿಲ್ಲ, ಸವೆಯುತ್ತದೆ. ಟೋನ್‌ಆರ್ಮಿನ ಒಳಗಿನ ತಂತಿಯೂ ಪಳಗುವುದಿಲ್ಲ. ಆರ್ಮಿನ ಬೇರಿಂಗ್ ಮೊದಲ ದಿನ ಹೇಗಿದೆಯೋ ನೂರನೆಯ ದಿನವೂ ಹಾಗೆಯೇ ಇರಬೇಕು. ಅದು ಬದಲಾಗಿದೆ ಎಂದಾದರೆ ಸಡಿಲಾಗಿದೆ ಎಂದರ್ಥ, ಅದು ರಿಪೇರಿಯ ವಿಷಯ. ಇವೆಲ್ಲದರ ಜೊತೆಗೆ ಕೇಳುವವರ ಕಿವಿಯೂ ಹೊಸ ಧ್ವನಿಗೆ ಒಗ್ಗಿಕೊಳ್ಳುತ್ತದೆ. ಎಷ್ಟು ರಬ್ಬರಿನದು, ಎಷ್ಟು ಕಿವಿಯದು ಎಂದು ಬೇರ್ಪಡಿಸುವ ಉಪಾಯ 9ನೇ ಹಂತದಲ್ಲಿದೆ.

ಬೇಕಾಗುವ ಸಾಮಾನು

ಕೊಳ್ಳಲೇಬೇಕಾದದ್ದು 0.01 ಗ್ರಾಂ ತೋರಿಸುವ ಡಿಜಿಟಲ್ ಸ್ಟೈಲಸ್ ತಕ್ಕಡಿ. ಉಳಿದಂತೆ ಕಾಗದದ ಮೇಲೆ ಮುದ್ರಿಸಿದ ಎರಡು ಬಿಂದುಗಳ ಪ್ರೊಟ್ರ್ಯಾಕ್ಟರ್ (ಸೂಜಿ ಸರಿಯಾದ ಕೋನದಲ್ಲಿದೆಯೇ ಎಂದು ತೋರಿಸುವ ಅಳತೆಹಾಳೆ), ಸಣ್ಣ ಸ್ಕ್ರೂಡ್ರೈವರ್, ಮೊನೆ ಚೂಪಾದ ಚಿಮಟ, ಮಟ್ಟ ನೋಡುವ ಸ್ಪಿರಿಟ್ ಲೆವೆಲ್, ಭೂತಗನ್ನಡಿ, ಸೂಜಿ ಒರೆಸುವ ಬ್ರಷ್ಷು. ಪ್ರೊಟ್ರ್ಯಾಕ್ಟರನ್ನು ನೀವೇ ಪ್ರಿಂಟ್ ತೆಗೆಯುವುದಾದರೆ ಪ್ರಿಂಟರಿನಲ್ಲಿ ‘100%’ ಎಂದೇ ಇರಲಿ. ‘ಪುಟಕ್ಕೆ ಹೊಂದಿಸು’ ಎಂಬುದು ಆನ್ ಆಗಿದ್ದರೆ ಎರಡು ಮಿಲಿಮೀಟರ್ ಕಳೆದುಹೋಗುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಮುದ್ರಿಸಿದ ಮೇಲೆ ಸ್ಕೇಲಿನಿಂದ ಅಳೆದು ನೋಡಿ.

ಹಂತ 1: ಆರ್ಮಿಗೂ ಕಾರ್ಟ್ರಿಡ್ಜಿಗೂ ಹೊಂದುತ್ತದೆಯೇ?

ಕೊಳ್ಳುವ ಮೊದಲೇ ಮಾಡಬೇಕಾದ ಲೆಕ್ಕ ಇದು. ಹೆಚ್ಚಿನವರು ಕೊಂಡ ಮೇಲೆ ಮಾಡುತ್ತಾರೆ.

ಆರ್ಮಿನ ತೂಕವೂ ಸಸ್ಪೆನ್ಷನ್ನಿನ ರಬ್ಬರೂ ಸೇರಿ ಒಂದು ನಿರ್ದಿಷ್ಟ ಕಂಪನದಲ್ಲಿ ತೂಗತೊಡಗುತ್ತವೆ. ಈ ಅನುರಣನ 8ರಿಂದ 12 ಹರ್ಟ್ಸ್ ನಡುವೆ ಇರಬೇಕು. ಅದಕ್ಕಿಂತ ಕೆಳಗೆ ಹೋದರೆ ಸೊಟ್ಟಗಾದ ರೆಕಾರ್ಡು, ನೆಲದ ಮೇಲಿನ ಹೆಜ್ಜೆ ಎಲ್ಲವೂ ಆರ್ಮನ್ನು ಕುಣಿಸುತ್ತವೆ; ವೂಫರಿನ ಕೋನು ಸದ್ದಿಲ್ಲದೆ ಒಳಗೂ ಹೊರಗೂ ಉಸಿರಾಡುವುದು ಕಣ್ಣಿಗೇ ಕಾಣುತ್ತದೆ. ಮೇಲೆ ಹೋದರೆ ಬಾಸಿನಲ್ಲಿ ಗುಂಯ್ ಎನ್ನುವ ಉಬ್ಬು.

ಸೂತ್ರ: 159 ÷ √(ಒಟ್ಟು ತೂಕ × ಕಂಪ್ಲಯನ್ಸ್). ಕಂಪ್ಲಯನ್ಸ್ ಎಂದರೆ ಸಸ್ಪೆನ್ಷನ್ ಎಷ್ಟು ಮೆದು ಎಂಬ ಸಂಖ್ಯೆ, ಕಾರ್ಟ್ರಿಡ್ಜಿನ ವಿವರಪಟ್ಟಿಯಲ್ಲಿ ಇರುತ್ತದೆ. ಒಟ್ಟು ತೂಕ ಎಂದರೆ ಆರ್ಮಿನ ಎಫೆಕ್ಟಿವ್ ಮಾಸ್ (ಸೂಜಿಯ ಜಾಗದಲ್ಲಿ ಆರ್ಮ್ ಎಷ್ಟು ಭಾರವಾಗಿ ವರ್ತಿಸುತ್ತದೆ ಎಂಬ ಲೆಕ್ಕ, ತಕ್ಕಡಿಯ ತೂಕವಲ್ಲ), ಕಾರ್ಟ್ರಿಡ್ಜ್, ಸ್ಕ್ರೂಗಳು ಎಲ್ಲ ಸೇರಿ.

ಉದಾಹರಣೆಗೆ ಟೆಕ್ನಿಕ್ಸ್ ಎಸ್ಎಲ್-1200 ಟರ್ನ್‌ಟೇಬಲಿನ ಆರ್ಮ್ ಹೆಡ್‌ಶೆಲ್ (ಕಾರ್ಟ್ರಿಡ್ಜ್ ಕೂರುವ ತುದಿಯ ಭಾಗ) ಸೇರಿ ಸುಮಾರು 12 ಗ್ರಾಂ. ಅದಕ್ಕೆ 7.2 ಗ್ರಾಮಿನ ಆರ್ಟೊಫಾನ್ 2ಎಂ ರೆಡ್, 1 ಗ್ರಾಂ ಸ್ಕ್ರೂ ಸೇರಿಸಿ: 20.2. ಈ ಕಾರ್ಟ್ರಿಡ್ಜಿನ ಕಂಪ್ಲಯನ್ಸ್ 20. ಉತ್ತರ 7.9 ಹರ್ಟ್ಸ್. ಗಡಿಯಲ್ಲಿದೆ, ನಡೆಯುತ್ತದೆ, ಆದರೆ ಇದಕ್ಕೆ ಇನ್ನೂ ಭಾರದ ಹೆಡ್‌ಶೆಲ್ ಹಾಕಬೇಡಿ. ಇದೇ ಆರ್ಮಿಗೆ 6.1 ಗ್ರಾಮಿನ ಆಡಿಯೊ-ಟೆಕ್ನಿಕಾ ಎಟಿ-ವಿಎಂ95ಇ ಹಾಕಿದರೆ? ಪಟ್ಟಿಯಲ್ಲಿ ಅದರ ಕಂಪ್ಲಯನ್ಸ್ 7 ಎಂದಿದೆ. ಅವಸರದಲ್ಲಿ 7 ಎಂದೇ ಲೆಕ್ಕಕ್ಕೆ ಹಾಕಿದರೆ ತಪ್ಪಾಗುತ್ತದೆ. ಜಪಾನಿನ ತಯಾರಕರು ಈ ಸಂಖ್ಯೆಯನ್ನು 100 ಹರ್ಟ್ಸ್‌ನಲ್ಲಿ ಅಳೆಯುತ್ತಾರೆ, ಯುರೋಪಿನವರು 10 ಹರ್ಟ್ಸ್‌ನಲ್ಲಿ. ಜಪಾನಿನದನ್ನು ಅಂದಾಜು 1.5ರಿಂದ 2 ಪಟ್ಟು ಮಾಡಬೇಕು. 12 ಎಂದಿಟ್ಟುಕೊಂಡರೆ ಉತ್ತರ 10.5 ಹರ್ಟ್ಸ್, ಒಳ್ಳೆಯ ಜೋಡಿ. 1960ರ ದಶಕದಲ್ಲಿ ಜಪಾನಿನ ಪ್ರಸಾರಸಂಸ್ಥೆ ಎನ್‌ಎಚ್‌ಕೆಗಾಗಿ ರೂಪುಗೊಂಡ ಡೆನಾನ್ ಡಿಎಲ್-103 ಭಾರದ ಆರ್ಮನ್ನೇ ಬೇಡುವುದೂ ಇದೇ ಕಾರಣಕ್ಕೆ: ಅದರ ಸಸ್ಪೆನ್ಷನ್ ಬಲು ಬಿಗಿ.

‘ಆರ್ಮಿನ ಧ್ವನಿ’ ಎಂದು ಜನ ಹೇಳುವುದರಲ್ಲಿ ದೊಡ್ಡ ಪಾಲು ಈ ಲೆಕ್ಕದ್ದು. ಉಳಿದ ಪಾಲು ಬೇರಿಂಗಿನದು.

ಹಂತ 2: ಬೇರಿಂಗ್ ನೋಡಿ

ಆರ್ಮನ್ನು ಹೆಡ್‌ಶೆಲ್ ಹತ್ತಿರ ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಮುಂದಕ್ಕೆ, ಅಕ್ಕಪಕ್ಕಕ್ಕೆ ಬಹಳ ಮೆತ್ತಗೆ ಅಲುಗಿಸಿ. ಕಟಕ್ ಎಂಬ ಚಿಕ್ಕ ಆಟ ಬೆರಳಿಗೆ ತಿಳಿದರೆ ಬೇರಿಂಗ್ ಸಡಿಲ. ಹಳೆಯ ಆರ್ಮ್ ಕೊಳ್ಳುವವರು ಇದನ್ನು ಅಂಗಡಿಯಲ್ಲೇ ನೋಡಬೇಕು. ಸಡಿಲ ಬೇರಿಂಗಿನಿಂದ ಹಾಡುಗಾರಿಕೆಯ ಅಂಚು ಮಸುಕಾಗುತ್ತದೆ, ಪಿಟೀಲು ಗರಗರ ಎನ್ನುತ್ತದೆ. ಅದನ್ನು ಯಾವ ಕಾರ್ಟ್ರಿಡ್ಜೂ ಮುಚ್ಚಲಾರದು. ಯೂನಿಪಿವಟ್ ಆರ್ಮುಗಳು ಒಂದೇ ಮೊನೆಯ ಮೇಲೆ ನಿಲ್ಲುವುದರಿಂದ ಓಲಾಡುವುದು ಸಹಜ. ಅವಕ್ಕೆ ಈ ಪರೀಕ್ಷೆ ಅನ್ವಯಿಸದು.

ಹಂತ 3: ಕಾರ್ಟ್ರಿಡ್ಜ್ ಕೂರಿಸುವುದು

ಟರ್ನ್‌ಟೇಬಲನ್ನು ಮೊದಲು ಮಟ್ಟಮಾಡಿ. ಲೆವೆಲನ್ನು ಪ್ಲ್ಯಾಟರ್ (ರೆಕಾರ್ಡ್ ಕೂರುವ ತಿರುಗುತಟ್ಟೆ) ಮೇಲೆ ಇಟ್ಟು ನೋಡಬೇಕು, ಕೆಳಗಿನ ಮೇಜಿನ ಮೇಲಲ್ಲ.

ಸ್ಟೈಲಸ್ ಕಳಚಿ ಬರುವಂಥದ್ದಾದರೆ ತೆಗೆದು ಪಕ್ಕಕ್ಕಿಡಿ. ಬಾರದಿದ್ದರೆ ಅದರ ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಕೆಲಸ ಮಾಡಿ. ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜುಗಳ ಅಯಸ್ಕಾಂತ ಜೋರು: ಕಬ್ಬಿಣದ ಸ್ಕ್ರೂಡ್ರೈವರನ್ನು ಕೈಯಿಂದ ಎಳೆದುಕೊಂಡು ಕ್ಯಾಂಟಿಲಿವರ್ ಮುರಿಸಿಕೊಳ್ಳುತ್ತವೆ. ಇದು ಕ್ಷಣಾರ್ಧದ ಕೆಲಸ, ದುಬಾರಿ ಕೆಲಸ.

ನಾಲ್ಕು ತಂತಿಗಳ ಬಣ್ಣ ಹೀಗೆ: ಬಿಳಿ ಎಡ ಸಿಗ್ನಲ್, ನೀಲಿ ಎಡ ಗ್ರೌಂಡ್, ಕೆಂಪು ಬಲ ಸಿಗ್ನಲ್, ಹಸಿರು ಬಲ ಗ್ರೌಂಡ್. ತಂತಿಯ ತುದಿಯ ಕ್ಲಿಪ್ಪನ್ನು ಚಿಮಟದಲ್ಲಿ ಹಿಡಿದು ತಳ್ಳಿ, ತಂತಿಯನ್ನು ಹಿಡಿದು ಎಳೆಯಬೇಡಿ. ಕ್ಲಿಪ್ ಬಿಗಿಯಾಗಿದ್ದರೆ ಒಂದು ಹಲ್ಲುಕಡ್ಡಿಯ ತುದಿ ತೂರಿಸಿ ಸ್ವಲ್ಪ ಅಗಲಿಸಿ. ಒಂದು ಬದಿಯ ಸಿಗ್ನಲ್-ಗ್ರೌಂಡ್ ಅದಲುಬದಲಾದರೆ ಬಾಸ್ ಮಾಯವಾಗಿ, ಗಾಯಕರ ಧ್ವನಿ ನಡುವೆ ನಿಲ್ಲದೆ ಚೆದುರುತ್ತದೆ. ‘ಹೊಸತು, ತೆಳ್ಳಗೆ ಕೇಳುತ್ತದೆ’ ಎಂದು ಬರುವ ದೂರುಗಳಲ್ಲಿ ಇದು ಆಗಾಗ ಸಿಗುವ ಕಾರಣ.

ಸ್ಕ್ರೂಗಳನ್ನು ಕಾರ್ಟ್ರಿಡ್ಜ್ ಜಾರಾಡುವಷ್ಟು ಮಾತ್ರ ಬಿಗಿಮಾಡಿ. ಪೂರ್ತಿ ಬಿಗಿಯುವುದು 5ನೇ ಹಂತದ ಕೊನೆಗೆ.

ಹಂತ 4: ಸೂಜಿಯ ಭಾರ

ಆಂಟಿ-ಸ್ಕೇಟ್ (ಏನೆಂದು 7ನೇ ಹಂತದಲ್ಲಿದೆ) ಸೊನ್ನೆಗೆ ಇಡಿ. ಸ್ಟೈಲಸ್ ಹಾಕಿ, ಅದರ ಮುಚ್ಚಳ ತೆಗೆಯಿರಿ. ಮುಚ್ಚಳ ಇಟ್ಟುಕೊಂಡೇ ಸಮತೋಲ ಮಾಡಿದರೆ ಅದರ ತೂಕದಷ್ಟೂ ಭಾರ ನುಡಿಸುವಾಗ ಕಮ್ಮಿಯಾಗುತ್ತದೆ. ಬಹಳ ಜನ ಎಡವುವುದು ಇಲ್ಲೇ. ಆರ್ಮಿನ ಹಿಂತುದಿಯ ತೂಕವನ್ನು (ಕೌಂಟರ್‌ವೇಟ್) ತಿರುಗಿಸುತ್ತಾ ಆರ್ಮ್ ಗಾಳಿಯಲ್ಲಿ ಸಮವಾಗಿ ತೇಲುವಂತೆ ಮಾಡಿ. ಅಲ್ಲಿ ಮುಂದಿನ ಡಯಲನ್ನು ಮಾತ್ರ ಸೊನ್ನೆಗೆ ತಂದು, ಬಳಿಕ ಇಡೀ ತೂಕವನ್ನು ಬೇಕಾದ ಅಂಕಿಗೆ ತಿರುಗಿಸಿ.

2ಎಂ ರೆಡ್‌ಗೆ 1.8 ಗ್ರಾಂ, ಎಟಿ-ವಿಎಂ95ಇಗೆ 2.0, ಡಿಎಲ್-103ಗೆ 2.5. ಡಯಲನ್ನು ನಂಬಬೇಡಿ, ತಕ್ಕಡಿಯಲ್ಲಿ ಅಳೆಯಿರಿ. ತಕ್ಕಡಿಯ ತಟ್ಟೆ ರೆಕಾರ್ಡಿನ ಎತ್ತರದಲ್ಲೇ ಇರಬೇಕು, ಅದಕ್ಕೆ ಅಗತ್ಯವಿದ್ದರೆ ಮ್ಯಾಟ್ ತೆಗೆದಿಡಿ. ತಕ್ಕಡಿಯಲ್ಲಿ ಕಬ್ಬಿಣದ ಅಂಶವಿದ್ದರೆ ಕಾರ್ಟ್ರಿಡ್ಜಿನ ಅಯಸ್ಕಾಂತ ಅದನ್ನು ಎಳೆದು ಸುಳ್ಳು ಅಂಕಿ ತೋರಿಸುತ್ತದೆ.

‘ಕಡಿಮೆ ಭಾರ ಇಟ್ಟರೆ ರೆಕಾರ್ಡಿಗೆ ಒಳ್ಳೆಯದು’ ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. ಅದು ತಪ್ಪು. ಭಾರ ಸಾಲದ ಸೂಜಿ ಜೋರಾದ ಭಾಗದಲ್ಲಿ ಗ್ರೂವಿನ ಗೋಡೆಯಿಂದ ಹಾರಿ ಮತ್ತೆ ಬಡಿಯುತ್ತದೆ, ಗೋಡೆಯನ್ನು ಕಚ್ಚುತ್ತದೆ. ಆ ಗಾಯ ಶಾಶ್ವತ. ಹೊಸ ಸಸ್ಪೆನ್ಷನ್ ಬಿಗಿಯಾಗಿರುವುದರಿಂದ, ತಯಾರಕರು ಕೊಟ್ಟ ಮಿತಿಯೊಳಗೇ ಸ್ವಲ್ಪ ಮೇಲಿನ ಬದಿಗೆ ಇಡುವುದು ಒಳ್ಳೆಯದು. 2ಎಂ ರೆಡ್‌ಗೆ ಮಿತಿ 1.6ರಿಂದ 2.0; ಮೊದಲ ಕೆಲವು ವಾರ 1.9 ಇಟ್ಟರೆ ಏನೂ ತೊಂದರೆಯಿಲ್ಲ.

ಹಂತ 5: ಪ್ರೊಟ್ರ್ಯಾಕ್ಟರ್

ರೆಕಾರ್ಡ್ ಕೆತ್ತುವ ಯಂತ್ರದ ತಲೆ ನೇರ ಗೆರೆಯಲ್ಲಿ ಚಲಿಸುತ್ತದೆ. ನಮ್ಮ ಆರ್ಮ್ ಒಂದು ಮೊಳೆಗೆ ಸಿಕ್ಕಿಸಿದಂತೆ ಕಮಾನಿನಲ್ಲಿ ಚಲಿಸುತ್ತದೆ. ಹಾಗಾಗಿ ಸೂಜಿ ಗ್ರೂವಿಗೆ ಪೂರ್ತಿ ನೇರವಾಗಿ ನಿಲ್ಲುವುದು ರೆಕಾರ್ಡಿನ ಎರಡೇ ಕಡೆ. ಬೇರ್ವಾಲ್ಡ್ ವಿಧಾನದಲ್ಲಿ ಅವು ನಡುವಿನ ಕಂಬದಿಂದ 66.0 ಮತ್ತು 120.9 ಮಿಲಿಮೀಟರಿನಲ್ಲಿ, ಸ್ಟೀವನ್ಸನ್ ವಿಧಾನದಲ್ಲಿ 60.3 ಮತ್ತು 117.4ರಲ್ಲಿ.

ಸೂಜಿಯನ್ನು ಹೊರಗಿನ ಬಿಂದುವಿನ ಮೇಲೆ ಇಳಿಸಿ. ಭೂತಗನ್ನಡಿಯಲ್ಲಿ ಎದುರಿನಿಂದ ನೋಡಿ: ಕ್ಯಾಂಟಿಲಿವರ್ ಚೌಕಳಿಯ ಗೆರೆಗಳಿಗೆ ಸಮಾನಾಂತರವಾಗಿರಬೇಕು. ಕಾರ್ಟ್ರಿಡ್ಜಿನ ಮೈಯನ್ನಲ್ಲ, ಕ್ಯಾಂಟಿಲಿವರನ್ನೇ ನೋಡಿ. ಕೆಲವದರಲ್ಲಿ ಅದು ಮೈಗೆ ತುಸು ಓರೆಯಾಗಿ ಅಂಟಿರುತ್ತದೆ. ಬಳಿಕ ಒಳಗಿನ ಬಿಂದು. ಅಲ್ಲಿ ಓರೆಯಾಗಿದ್ದರೆ ಕಾರ್ಟ್ರಿಡ್ಜನ್ನು ಅರ್ಧ ಮಿಲಿಮೀಟರ್ ಹಿಂದೆ ಮುಂದೆ ಸರಿಸಿ ಮತ್ತೆ ಹೊರಗಿನ ಬಿಂದುವಿಗೆ. ಎರಡೂ ಕಡೆ ಕೂಡಿಬರುವವರೆಗೆ ಇದೇ ಕೆಲಸ. ಅರ್ಧ ಗಂಟೆ ಹಿಡಿದರೂ ಹಿಡಿಯಲಿ, ಇಡೀ ಜೋಡಣೆಯಲ್ಲಿ ತಾಳ್ಮೆಗೆ ಪ್ರತಿಫಲ ಸಿಗುವ ಜಾಗ ಇದೊಂದೇ. ಟೆಕ್ನಿಕ್ಸ್ ಜೊತೆ ಬರುವ ಪ್ಲಾಸ್ಟಿಕ್ ಅಳತೆಪಟ್ಟಿ ಬಳಸುವುದಾದರೆ, ಹೆಡ್‌ಶೆಲ್ಲಿನ ಹಿಂಬದಿಯ ರಬ್ಬರ್ ವಾಷರಿನಿಂದ ಸೂಜಿಯ ಮೊನೆಗೆ 52 ಮಿಲಿಮೀಟರ್ ಇರಬೇಕು. ಅದು ಬೇರ್ವಾಲ್ಡ್‌ಗಿಂತ ಬೇರೆ ಜೋಡಣೆ, ಎರಡನ್ನೂ ಬೆರೆಸಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 33⅓ ವೇಗದ ಎಲ್‌ಪಿಯ ಹೊರಅಂಚಿನಲ್ಲಿ ಗ್ರೂವ್ ಸೂಜಿಯಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ, ಕೊನೆಯ ಹಾಡಿನಲ್ಲಿ 21 ಮಾತ್ರ. ಅದೇ ‘ಸ’ಕಾರ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿಕೊಂಡಿರುತ್ತದೆ. ಸ್ವಲ್ಪ ಓರೆಯಾದರೂ ಕೊನೆಯ ಹಾಡು ಒಡೆದುಹೋಗುತ್ತದೆ. ಮೊದಲ ಹಾಡು ಸೊಗಸು, ಕೊನೆಯದು ಕರ್ಕಶ ಎಂದಾದರೆ ಕಾಯುವುದರಲ್ಲಿ ಅರ್ಥವಿಲ್ಲ, ಪ್ರೊಟ್ರ್ಯಾಕ್ಟರಿಗೆ ಹಿಂತಿರುಗಿ.

ಸ್ಕ್ರೂ ಬಿಗಿಮಾಡುವಾಗ ಕಾರ್ಟ್ರಿಡ್ಜ್ ತಿರುಗಿಬಿಡುತ್ತದೆ. ಎರಡನ್ನೂ ಸರದಿಯಂತೆ ಕಾಲು ಸುತ್ತು ಬಿಗಿಮಾಡಿ, ಇನ್ನೊಮ್ಮೆ ನೋಡಿ. ಕಾರ್ಟ್ರಿಡ್ಜ್ ಸರಿದಿದ್ದರೆ ಸೂಜಿಯ ಭಾರವೂ ಬದಲಾಗಿರುತ್ತದೆ, ಮತ್ತೆ ತೂಗಿ.

ಹಂತ 6: ಎತ್ತರ ಮತ್ತು ವಾಲಿಕೆ

ರೆಕಾರ್ಡಿನ ಮೇಲೆ ಸೂಜಿ ಇಳಿಸಿ ಪಕ್ಕದಿಂದ ನೋಡಿದಾಗ ಆರ್ಮಿನ ಕೊಳವೆ ರೆಕಾರ್ಡಿಗೆ ಸಮಾನಾಂತರವಿರಲಿ. ಎದುರಿನಿಂದ ನೋಡಿದಾಗ ಸೂಜಿ ನೆಟ್ಟಗೆ ನಿಂತಿರಲಿ. ರೆಕಾರ್ಡಿನಲ್ಲಿ ಕಾಣುವ ಪ್ರತಿಬಿಂಬ ಸೂಜಿಯೊಂದಿಗೆ ಸರಳರೇಖೆಯಾಗಬೇಕು, ಮುರಿದ ಕೋನವಾಗಬಾರದು. ಎಸ್ಎಲ್-1200ರಲ್ಲಿ ಎತ್ತರಕ್ಕೆ 0ರಿಂದ 6 ಮಿಲಿಮೀಟರಿನ ಉಂಗುರವಿದೆ. ಎತ್ತರ ಬದಲಿಸಲಾಗದ ಆರ್ಮುಗಳಲ್ಲಿ ತಳಕ್ಕೆ ತೆಳು ಸ್ಪೇಸರ್ ಹಾಕಬೇಕು. ಗುಂಡು ಅಥವಾ ಸಾಮಾನ್ಯ ಎಲಿಪ್ಟಿಕಲ್ (ಅಂಡಾಕಾರದ) ಮೊನೆಯ ಸೂಜಿಗೆ ಒಂದು ಮಿಲಿಮೀಟರ್ ಆಚೀಚೆಗೆ ತಲೆಕೆಡಿಸಿಕೊಳ್ಳಬೇಡಿ. ಮೈಕ್ರೊಲೈನ್, ಶಿಬಾಟ ಎಂಬ ತೆಳು ಅಂಚಿನ ಮೊನೆಗಳಿಗೆ ಮಾತ್ರ ಅದು ಕಿವಿಗೆ ಬೀಳುತ್ತದೆ.

ಹಂತ 7: ಆಂಟಿ-ಸ್ಕೇಟ್

ನುಡಿಸುವಾಗ ಆರ್ಮಿಗೆ ಒಳಮುಖದ ಸೆಳೆತ ಇರುತ್ತದೆ. ಆಂಟಿ-ಸ್ಕೇಟ್ ಅದನ್ನು ಹೊರಕ್ಕೆ ಎಳೆದು ಸರಿದೂಗಿಸುತ್ತದೆ. ಸೂಜಿಯ ಭಾರದ ಅಂಕಿಯನ್ನೇ ಇಟ್ಟು ಶುರುಮಾಡಿ. ಜೋರಾದ ಭಾಗದಲ್ಲಿ ಬಲ ಸ್ಪೀಕರಿನ ಧ್ವನಿ ಮೊದಲು ಒಡೆದರೆ ಸ್ವಲ್ಪ ಹೆಚ್ಚಿಸಿ, ಎಡದ್ದು ಮೊದಲು ಒಡೆದರೆ ತಗ್ಗಿಸಿ. ಗ್ರೂವ್ ಇಲ್ಲದ ನುಣುಪು ತಟ್ಟೆಯ ಮೇಲೆ ಸೂಜಿ ನಿಲ್ಲಿಸಿ ಹೊಂದಿಸುವ ಪದ್ಧತಿಯನ್ನು ಬಿಟ್ಟುಬಿಡಿ, ಅಲ್ಲಿನ ಘರ್ಷಣೆಯೇ ಬೇರೆ.

ಹಂತ 8: ಕೇಬಲ್ ಮತ್ತು ಲೋಡ್

ಕಾಯುವವರಿಗೆ ಅತಿ ಹೆಚ್ಚು ಮೋಸ ಮಾಡುವುದು ಈ ಹಂತ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜಿಗೆ ಫೋನೊ ಪ್ರೀಆಂಪ್ (ಅದರ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಪೆಟ್ಟಿಗೆ) 47 ಕಿಲೊ-ಓಮ್ ಲೋಡ್, ಅಂದರೆ ವಿದ್ಯುತ್ ಹೊರೆ, ಕೊಡುತ್ತದೆ, ಅದು ಎಲ್ಲ ಕಡೆ ಒಂದೇ. ಬದಲಾಗುವುದು ಕೆಪ್ಯಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ): ಆರ್ಮಿನ ತಂತಿ, ಹೊರಗಿನ ಕೇಬಲ್, ಪ್ರೀಆಂಪಿನ ಇನ್‌ಪುಟ್ ಮೂರೂ ಕೂಡಿದ್ದು. ಇದು ಕಾರ್ಟ್ರಿಡ್ಜಿನ ಸುರುಳಿಯೊಂದಿಗೆ ಸೇರಿ ಮೇಲಿನ ಸ್ವರಗಳಲ್ಲಿ ಒಂದು ಉಬ್ಬು ಮೂಡಿಸುತ್ತದೆ. ಎಟಿ-ವಿಎಂ95ಇ ಬಯಸುವುದು 100ರಿಂದ 200 ಪಿಕೊಫ್ಯಾರಡ್. 200 ಇದ್ದರೆ ಉಬ್ಬು ಸುಮಾರು 15 ಕಿಲೊಹರ್ಟ್ಸ್‌ನಲ್ಲಿ. ಉದ್ದ ಕೇಬಲ್ ಹಾಕಿ 400 ಆದರೆ ಅದು 10.7ಕ್ಕೆ ಇಳಿದು ತಾಳದ ಝಣತ್ಕಾರ, ‘ಸ’ಕಾರ ಎರಡನ್ನೂ ಎತ್ತಿ ಕಿವಿಗೆ ಚುಚ್ಚುತ್ತದೆ. ಇದು ವಿದ್ಯುತ್ತಿನ ಲೆಕ್ಕ. ಐನೂರು ಗಂಟೆ ನುಡಿಸಿದರೂ ಬದಲಾಗದು. ಕೇಬಲನ್ನು ಗಿಡ್ಡ ಮಾಡಿ, ಪ್ರೀಆಂಪಿನಲ್ಲಿ ಕೆಪ್ಯಾಸಿಟೆನ್ಸ್ ಸ್ವಿಚ್ಚಿದ್ದರೆ ಕನಿಷ್ಠಕ್ಕೆ ಇಡಿ. ಆರ್ಟೊಫಾನ್ 2ಎಂ ಸರಣಿಗೆ 150ರಿಂದ 300 ಸರಿ.

ಗುಂಯ್ ಎಂಬ ಹಮ್ ಬಂದರೆ ಟರ್ನ್‌ಟೇಬಲಿನ ಗ್ರೌಂಡ್ ತಂತಿ ಪ್ರೀಆಂಪಿನ ತಿರುಪಿಗೆ ಸೇರಿದೆಯೇ ನೋಡಿ.

ಹಂತ 9: ಈಗ ಪಳಗಿಸಿ

ಎಲ್‌ಪಿಯ ಎರಡೂ ಬದಿ ಸೇರಿ ಸುಮಾರು 40 ನಿಮಿಷ. 20 ಗಂಟೆ ಎಂದರೆ 30 ಎಲ್‌ಪಿ, 30 ಗಂಟೆ ಎಂದರೆ 45. ದಿನಕ್ಕೊಂದು ಕೇಳಿದರೆ ಒಂದೂವರೆ ತಿಂಗಳು.

ಮೊದಲ ದಿನ ನಿಮಗೆ ಚೆನ್ನಾಗಿ ಗೊತ್ತಿರುವ ಎರಡು ತುಣುಕುಗಳನ್ನು ಆಡಿಯೊ ಇಂಟರ್‌ಫೇಸ್ ಮೂಲಕ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಡಿ: ಬದಿಯೊಂದರ ಕೊನೆಯ ಹಾಡಿನ ಒಂದು ನಿಮಿಷ, ತಂಬೂರಿ ಒಂಟಿಯಾಗಿ ಕೇಳುವ ಆಲಾಪನೆಯ ಒಂದು ನಿಮಿಷ. 30 ಗಂಟೆ ಕಳೆದ ಮೇಲೆ ಅವೇ ತುಣುಕುಗಳನ್ನು ಅದೇ ಮಟ್ಟದಲ್ಲಿ ಮತ್ತೆ ರೆಕಾರ್ಡ್ ಮಾಡಿ, ಯಾವುದು ಯಾವುದೆಂದು ನೋಡದೆ ಕೇಳಿ. ವ್ಯತ್ಯಾಸ ಕೇಳದಿದ್ದರೆ ಅಷ್ಟು ದಿನದಲ್ಲಿ ಪಳಗಿದ್ದು ನಿಮ್ಮ ಕಿವಿ. ತಂಬೂರಿ ಇನ್ನೊಂದಕ್ಕೂ ಒದಗುತ್ತದೆ: ಶ್ರುತಿ ಅಲೆಯಾಡಿದರೆ ತಪ್ಪು ಟರ್ನ್‌ಟೇಬಲಿನ ವೇಗದಲ್ಲಿದೆ, ಕಾರ್ಟ್ರಿಡ್ಜಿನಲ್ಲಲ್ಲ.

ಪಳಗಿಸಲೆಂದು ಹಳೆಯ, ಕೊಳಕು ರೆಕಾರ್ಡುಗಳನ್ನು ಹಾಕಬೇಡಿ. ಧೂಳೂ ಬೂಷ್ಟೂ ವಜ್ರವನ್ನು ಸವೆಸುತ್ತವೆ; ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೆಗೆಯದೇ ಬಿಟ್ಟ ಕವರುಗಳಲ್ಲಿ ಬೂಷ್ಟು ಇದ್ದೇ ಇರುತ್ತದೆ, ತೊಳೆದೇ ನುಡಿಸಿ. ರಾತ್ರಿಯಿಡೀ ಕೊನೆಯ ಸುತ್ತಿನ ಗ್ರೂವಿನಲ್ಲಿ ಸೂಜಿ ಬಿಡುವುದೂ ಬೇಡ: ಪಳಗುವುದಕ್ಕಿಂತ ಸವೆಯುವುದೇ ಹೆಚ್ಚು. ಒಳ್ಳೆಯ ರೆಕಾರ್ಡುಗಳನ್ನೇ ಮಾಮೂಲಾಗಿ ಕೇಳಿ, ಸಾಕು.

ರಬ್ಬರಿಗೆ ಚಳಿ ಆಗದು. ಕೋಣೆ 20 ಡಿಗ್ರಿಗಿಂತ ತಣ್ಣಗಿದ್ದರೆ ಬಿಗಿಯುತ್ತದೆ. ಡಿಸೆಂಬರಿನ ಬೆಳಗ್ಗೆ ಬೆಂಗಳೂರಿನಲ್ಲಿ ಹಾಕಿದ ಮೊದಲ ರೆಕಾರ್ಡ್ ಒರಟಾಗಿ ಕೇಳಿ ಮೂರನೆಯದರ ಹೊತ್ತಿಗೆ ಸರಿಹೋದರೆ ಅದನ್ನು ಬ್ರೇಕ್-ಇನ್ ಎಂದು ಬರೆದಿಡಬೇಡಿ.

30 ಗಂಟೆಗೆ ಸೂಜಿಯ ಭಾರ, ಆರ್ಮಿನ ಎತ್ತರ, ಆಂಟಿ-ಸ್ಕೇಟ್ ಮೂರನ್ನೂ ಮತ್ತೆ ನೋಡಿ. ಸಸ್ಪೆನ್ಷನ್ ಇಳಿದು ಕೂತಿದ್ದರಿಂದ ಕಾರ್ಟ್ರಿಡ್ಜ್ ತುಸು ಕುಸಿದಿರುತ್ತದೆ. ಭಾರವನ್ನು ಮೇಲಿನ ಬದಿಗೆ ಇಟ್ಟಿದ್ದರೆ ಈಗ ಶಿಫಾರಸಿನ ಅಂಕಿಗೆ ತನ್ನಿ.

ಪಳಗದವು

ದಶಕಗಟ್ಟಲೆ ಡಬ್ಬಿಯಲ್ಲೇ ಕೂತ ‘ಹೊಸ’ ಕಾರ್ಟ್ರಿಡ್ಜ್ ಕೊಳ್ಳುವವರು ಎಚ್ಚರ. ರಬ್ಬರ್ ಒಣಗಿ ಗಟ್ಟಿಯಾಗಿದ್ದರೆ ಎಷ್ಟು ನುಡಿಸಿದರೂ ಮೆದುವಾಗದು. ಮೆದುವಾಗಿ ಜಾರಿದ್ದರೆ ಕಾರ್ಟ್ರಿಡ್ಜಿನ ಹೊಟ್ಟೆಯೇ ರೆಕಾರ್ಡಿಗೆ ತಾಗುತ್ತದೆ. ಮೈ ಚೆನ್ನಾಗಿದ್ದು ಹೊಸ ಸ್ಟೈಲಸ್ ಸಿಗುವಂತಿದ್ದರೆ ಮಾತ್ರ ಕೊಳ್ಳಿ. ಶೂರ್ ಕಂಪನಿ 2018ರಲ್ಲಿ ಕಾರ್ಟ್ರಿಡ್ಜ್ ಕೈಬಿಟ್ಟ ಮೇಲೆ ಅದರ ಅಸಲಿ ಸ್ಟೈಲಸ್ ದುರ್ಲಭ.

ಅಜ್ಜನ ಕಾಲದ 78 ವೇಗದ ಅರಗಿನ ರೆಕಾರ್ಡುಗಳು ಮನೆಯಲ್ಲಿದ್ದರೆ ಅವಕ್ಕೆ ಬೇರೆ ಸೂಜಿಯೇ ಬೇಕು. ಎಲ್‌ಪಿ ಸೂಜಿಯ ದುಂಡು ಮೊನೆ ಸುಮಾರು 18 ಮೈಕ್ರಾನ್, 78ರದು 65-75. ಎಲ್‌ಪಿ ಸೂಜಿ 78ರ ಗ್ರೂವಿನ ತಳದಲ್ಲಿ ಕಸ ಗುಡಿಸುತ್ತಾ ಸಾಗುತ್ತದೆ. 78ರ ಸೂಜಿ ಎಲ್‌ಪಿಯನ್ನು ಹಾಳುಮಾಡುತ್ತದೆ. ಆ ರೆಕಾರ್ಡುಗಳನ್ನು ಸ್ಪಿರಿಟ್ ಹಾಕಿ ಒರೆಸಲೂಬೇಡಿ, ಅರಗು ಕರಗುತ್ತದೆ.

ಸೂಜಿಯ ಆಯಸ್ಸಿಗೆ ಆಡಿಯೊ-ಟೆಕ್ನಿಕಾ ಕೊಡುವ ಅಂದಾಜು: ಎಲಿಪ್ಟಿಕಲ್ 300 ಗಂಟೆ, ಗುಂಡು ಮೊನೆ 500, ಶಿಬಾಟ 800, ಮೈಕ್ರೊಲೈನ್ 1000. ಪ್ರತಿ ಬದಿ ನುಡಿಸುವ ಮುನ್ನ ಒಣ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿ; ಅಡ್ಡಕ್ಕೆ ಒರೆಸಿದರೆ ಕ್ಯಾಂಟಿಲಿವರ್ ಸೊಟ್ಟಗಾಗುತ್ತದೆ. ಗಂಟೆಗಳ ಲೆಕ್ಕಕ್ಕೆ ಟರ್ನ್‌ಟೇಬಲ್ ಪಕ್ಕ ಒಂದು ಚೀಟಿ ಇಟ್ಟು, ಒಂದೊಂದು ಬದಿಗೆ ಒಂದೊಂದು ಗೀಟು ಹಾಕಿ. ಬದಿಗೆ 20 ನಿಮಿಷದಂತೆ 900 ಗೀಟಾದರೆ 300 ಗಂಟೆ.